ಹಳೇ ಆಫೀಸ್ ಕಂಪ್ಯೂಟರ್‌ನಲ್ಲಿ ಗೇಮ್ ಆಡಬೇಕು, ಹಣ ಕಡಿಮೆ ಇದೆ. ಮೊದಲು ಏನು ಬದಲಿಸಲಿ?

ಹಳೇಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ ಹಳೇ ಆಫೀಸ್ ಕಂಪ್ಯೂಟರ್ ಒಂದಿದೆ. ಇಂಟೆಲ್ ಐ5-4570 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ್‍ಯಾಮ್ (ಒಂದೇ ಸ್ಟಿಕ್), 1 ಟಿಬಿ ಹಾರ್ಡ್ ಡಿಸ್ಕ್. ಗೆಳೆಯನೊಬ್ಬ ಕೊಟ್ಟ ಜಿಟಿಎಕ್ಸ್ 750 ಟಿಐ 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೇನೆ. ಮಾನಿಟರ್ 1080ಪಿ, 60 ಹರ್ಟ್ಜ್. ಎಸ್‌ಎಂಪಿಎಸ್ (ವಿದ್ಯುತ್ ಹಂಚುವ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ಬರೆದಿದೆ.

ನಾನೂ ತಮ್ಮನೂ ಇದರಲ್ಲೇ ಆಡುತ್ತೇವೆ. ಕೌಂಟರ್ ಸ್ಟ್ರೈಕ್ 2, ಜಿಟಿಎ 5, ಮತ್ತು ಆಡಲೇಬೇಕು ಅಂತ ಆಸೆ ಇರುವ ರೆಡ್ ಡೆಡ್ ರಿಡೆಂಪ್ಶನ್ 2. ಮೊದಲ ಎರಡು ಓಡುತ್ತವೆ, ಆದರೆ ನಡುನಡುವೆ ಒಂದೊಂದು ಸೆಕೆಂಡ್ ನಿಂತುಬಿಡುತ್ತವೆ. ಮೂರನೆಯದು ಆಡುವ ಹಾಗೇ ಇಲ್ಲ.

ಹೊಸ ಕಂಪ್ಯೂಟರ್ ಈಗ ಆಗದ ಮಾತು. ಒಂದು ಸಾಧಾರಣ ಹೊಸ ಗ್ರಾಫಿಕ್ಸ್ ಕಾರ್ಡ್ ಬರುವಷ್ಟು ಹಣ ಕೂಡಿಟ್ಟಿದ್ದೇನೆ. ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ಒಂದು ನೋಡಿಟ್ಟಿದ್ದೇನೆ. ಅದನ್ನು ತಂದು ಹಾಕಿದರೆ ಸಾಕಲ್ವಾ?

ಬೆಸುಗೆಕಡ್ಡಿ

ದಯವಿಟ್ಟು ಈಗಲೇ ಕಾರ್ಡ್ ತರಬೇಡಿ. ಮೊದಲು ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ.

ಅಲ್ಲಿ ದೊಡ್ಡ ಅಕ್ಷರದಲ್ಲಿ ಇರುವ 450 ಅನ್ನು ಬಿಟ್ಟುಬಿಡಿ. ಕೆಳಗೆ ಸಣ್ಣ ಕೋಷ್ಟಕ ಇರುತ್ತದೆ. ಅದರಲ್ಲಿ 12 ವೋಲ್ಟ್ ಸಾಲಿನ ಎದುರು ಎಷ್ಟು ಆಂಪ್ಸ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ಊಟ ಮಾಡುವುದು ಆ ಸಾಲಿನಿಂದಲೇ. ಉಳಿದ ಸಾಲುಗಳ ವ್ಯಾಟ್ ಸೇರಿಸಿ 450 ಅಂತ ಬರೆದಿದ್ದರೆ ಅದು ನಿಮ್ಮ ಉಪಯೋಗಕ್ಕೆ ಬರುವುದಿಲ್ಲ.

ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ. ನಿಮ್ಮ ಐ5ರ ಲೆಕ್ಕ 84 ವ್ಯಾಟ್. ಎರಡೂ ಸೇರಿದರೆ 269. ಫ್ಯಾನ್, ಡಿಸ್ಕ್ ಬೇರೆ. ಜೊತೆಗೆ ಆ ಕಾರ್ಡ್‌ಗೆ 8 ಪಿನ್ ವೈರ್ ಬೇಕು. ನಿಮ್ಮದರಲ್ಲಿ ಅದು ಇರುವುದು ಅನುಮಾನ.

ಹಳೇಪೆಟ್ಟಿಗೆ

ನೋಡಿದೆ. 12 ವೋಲ್ಟ್ ಎದುರು 16 ಆಂಪ್ಸ್ ಅಂತ ಇದೆ. ಅಂದರೆ 192 ವ್ಯಾಟ್! 450 ಅಂತ ನಂಬಿಕೊಂಡೇ ಇದ್ದೆ.

8 ಪಿನ್ ವೈರ್ ಇಲ್ಲ. ಡಿಸ್ಕ್‌ಗೆ ಹೋಗುವ ಸಾಟಾ ವೈರ್‌ನಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಸಿಗುತ್ತದಂತೆ. ಅದು ನಡೆಯುವುದಿಲ್ಲವೇ?

ಬೆಸುಗೆಕಡ್ಡಿ

ಬೇಡವೇ ಬೇಡ. ನಾನು ರಿಪೇರಿ ಕೆಲಸ ಮಾಡುವವನು. ಆ ಅಡಾಪ್ಟರ್ ಕರಗಿ ಕಪ್ಪಾಗಿ ಬಂದ ಕಂಪ್ಯೂಟರ್‌ಗಳನ್ನು ಕೈಯಲ್ಲಿ ಹಿಡಿದಿದ್ದೇನೆ.

ಲೆಕ್ಕ ಸುಲಭ. ಸಾಟಾ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್ ಇವೆ. ಒಂದೊಂದು ಪಿನ್ 1.5 ಆಂಪ್ಸ್ ತಡೆಯುತ್ತದೆ. ಒಟ್ಟು 4.5 ಆಂಪ್ಸ್, ಅಂದರೆ 54 ವ್ಯಾಟ್. 6 ಪಿನ್ ಕನೆಕ್ಟರ್ 75 ವ್ಯಾಟ್ ಎಳೆಯಬಹುದು, 8 ಪಿನ್ 150. ಡಿಸ್ಕ್‌ಗೆ ಅಂತ ಮಾಡಿದ ಸಣ್ಣ ಪಿನ್‌ಗಳ ಮೇಲೆ ಇಷ್ಟು ಹೊರೆ ಹಾಕಿದರೆ ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ? ಮನೆಯಲ್ಲಿ ತಮ್ಮ ಕೂತು ಆಡುವ ಪೆಟ್ಟಿಗೆ ಅದು.

ನಿಮಗೆ ಎರಡೇ ದಾರಿ. ಒಳ್ಳೆಯ ಎಸ್‌ಎಂಪಿಎಸ್ ಕೊಂಡು ಆಮೇಲೆ ದೊಡ್ಡ ಕಾರ್ಡ್. ಅಥವಾ ಬೇರೆ ವೈರ್ ಬೇಡದ, ಸ್ಲಾಟ್‌ನಿಂದಲೇ 75 ವ್ಯಾಟ್‌ನಲ್ಲಿ ಓಡುವ ಕಾರ್ಡ್.

ಫ್ರೇಮ್‌ಲೆಕ್ಕ

ಕಾರ್ಡ್ ಯಾವುದು ಅನ್ನುವ ಮಾತಿಗೆ ಮುಂಚೆ ಒಂದು ಕೇಳುತ್ತೇನೆ. ನಿಂತುಬಿಡುತ್ತದೆ ಅಂದಿರಲ್ಲ, ಯಾಕೆ ಅಂತ ನೋಡಿದ್ದೀರಾ?

ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳು) ಕಡಿಮೆ ಬರುವುದು ಒಂದು ಕಾಯಿಲೆ. ಫ್ರೇಮ್ ಚೆನ್ನಾಗಿದ್ದೂ ಮಧ್ಯೆ ನಿಲ್ಲುವುದು ಇನ್ನೊಂದು. ಎರಡಕ್ಕೂ ಔಷಧ ಬೇರೆ. ಮೊದಲನೆಯದು ಬಹಳ ಸಲ ಕಾರ್ಡ್‌ನಿಂದ. ಎರಡನೆಯದು ರ್‍ಯಾಮ್, ಡಿಸ್ಕ್, ಪ್ರೊಸೆಸರ್, ಬಿಸಿ, ಯಾವುದರಿಂದಲೂ ಆಗಬಹುದು. ಹೊಸ ಕಾರ್ಡ್ ಹಾಕಿದ ಮೇಲೂ ಅದು ಹಾಗೇ ಉಳಿದರೆ ಕೂಡಿಟ್ಟ ಹಣಕ್ಕೆ ಎಷ್ಟು ಬೇಜಾರಾಗುತ್ತದೆ ಯೋಚಿಸಿ.

ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ. ಉಚಿತ. ಬೇರೆ ಕಂಪನಿಯ ಕಾರ್ಡ್‌ಗೂ ನಡೆಯುತ್ತದೆ. ಅದರ ಜೊತೆ ರಿವಾಟ್ಯೂನರ್ ಬರುತ್ತದೆ. ಆಟದ ಮೇಲೇ ಅಂಕಿಗಳು ಕಾಣುವ ಹಾಗೆ ಮಾಡಿ: ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿದೆ, ಅದರ ಮೆಮೊರಿ ಎಷ್ಟು ತುಂಬಿದೆ, ಪ್ರೊಸೆಸರ್‌ನ ನಾಲ್ಕೂ ಕೋರ್ ಎಷ್ಟು ದುಡಿಯುತ್ತಿವೆ, ಬಿಸಿ ಎಷ್ಟು, ವೇಗ ಎಷ್ಟು, ರ್‍ಯಾಮ್ ಎಷ್ಟು ತುಂಬಿದೆ. ಒಂದೊಂದು ಆಟ ಅರ್ಧ ಗಂಟೆ ಆಡಿ. ನಿಂತ ಗಳಿಗೆಯಲ್ಲಿ ಅಂಕಿ ಏನಿತ್ತು ಬರೆದಿಟ್ಟುಕೊಳ್ಳಿ.

ಕಾರ್ಡ್ 97, 98 ಶೇಕಡಾ ತೋರಿಸುತ್ತಿದ್ದರೆ ಅದು ಕೈಲಾದಷ್ಟು ದುಡಿಯುತ್ತಿದೆ ಅಂತ. ಕಾರ್ಡ್ 60ಕ್ಕೆ ಇಳಿದು ಪ್ರೊಸೆಸರ್ 100 ಮುಟ್ಟಿದ್ದರೆ, ಕಾರ್ಡ್ ಸುಮ್ನೆ ಕಾಯುತ್ತಿದೆ. ಇನ್ನೂ ಅನುಮಾನ ಇದ್ದರೆ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ ನೋಡಿ. ಆಗಲೂ ಫ್ರೇಮ್ ಏರದಿದ್ದರೆ ತಡೆಯುತ್ತಿರುವುದು ಪ್ರೊಸೆಸರ್ ಕಡೆ.

ರಾತ್ರಿಪಾಳಿ

ನಾನು ಬೇರೆ ಥರ ಯೋಚಿಸುತ್ತೇನೆ, ಕ್ಷಮಿಸಿ. ಐ5-4570 ಬಂದದ್ದು 2013ರಲ್ಲಿ. ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ. ಈ ಬೋರ್ಡ್ ಮೇಲೆ ಖರ್ಚು ಮಾಡುವುದೇ ಬೇಡ. ಇನ್ನೂ ಸ್ವಲ್ಪ ತಿಂಗಳು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಐ3-10100 ಅಥವಾ ರೈಜನ್ 5 3600, ಬೋರ್ಡ್, ಡಿಡಿಆರ್4 ರ್‍ಯಾಮ್ ಒಟ್ಟಿಗೆ ತೆಗೆದುಕೊಳ್ಳಿ. ಹಳೇ ಡಿಡಿಆರ್3 ಹೊಸ ಬೋರ್ಡ್‌ಗೆ ಬರುವುದಿಲ್ಲ. ಇವತ್ತು ಅದಕ್ಕೆ ಕೊಟ್ಟ ಹಣ ನಾಳೆ ಇಲ್ಲ.

ವಿಂಡೋಸ್ ವಿಷಯವೂ ಇದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ನಾಲ್ಕನೇ ಪೀಳಿಗೆಯ ಇಂಟೆಲ್ ಇಲ್ಲವೇ ಇಲ್ಲ.

ಅಟ್ಟದಮೇಲೆ

ರಾತ್ರಿಪಾಳಿ ಹೇಳುವುದು ಸರಿ. ಆದರೆ ಅದರಿಂದ ಬರುವ ತೀರ್ಮಾನ ಬೇರೆ ಅನ್ನಿಸುತ್ತದೆ. ಪೆಟ್ಟಿಗೆಯಲ್ಲಿ ಎರಡು ಥರದ ಸಾಮಾನು ಇವೆ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್), ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್ ಮುಂದಿನ ಕಂಪ್ಯೂಟರ್‌ಗೂ ಬರುತ್ತವೆ. ಡಿಡಿಆರ್3 ರ್‍ಯಾಮ್, ಎಲ್‌ಜಿಎ 1150 ಪ್ರೊಸೆಸರ್ ಈ ಬೋರ್ಡ್ ಜೊತೆಗೇ ಮುಗಿಯುತ್ತವೆ. ಮೊದಲನೇ ಗುಂಪಿನ ಮೇಲೆ ಧೈರ್ಯವಾಗಿ ಖರ್ಚು ಮಾಡಿ. ಎರಡನೇ ಗುಂಪಿಗೆ ಸೆಕೆಂಡ್ ಹ್ಯಾಂಡ್ ಮಾತ್ರ, ಅದೂ ಅಗ್ಗಕ್ಕೆ ಸಿಕ್ಕಿದರೆ.

ಹೀಗೆ ಮಾಡಿದರೆ ಈಗಲೂ ಆಡಬಹುದು, ಮುಂದಿನ ವರ್ಷ ಬೋರ್ಡ್ ಬದಲಿಸುವಾಗ ಅರ್ಧ ಕೆಲಸ ಮುಗಿದಿರುತ್ತದೆ. ಆಡುವ ವಯಸ್ಸಿನ ತಮ್ಮನಿಗೆ ಒಂದು ವರ್ಷ ಕಾಯಿ ಅನ್ನುವುದು ಸಣ್ಣ ಮಾತಲ್ಲ.

ಹಳೇಪೆಟ್ಟಿಗೆ

(ಎರಡು ದಿನದ ನಂತರ)

ಫ್ರೇಮ್‌ಲೆಕ್ಕ ಅವರೇ, ಹೇಳಿದ ಹಾಗೇ ಮಾಡಿದೆ. ಅಂಕಿ ನೋಡಿ ಗಾಬರಿಯಾಯಿತು.

ಜಿಟಿಎ 5ರಲ್ಲಿ ಕಾರ್ ಜೋರಾಗಿ ಓಡಿಸುವಾಗ ನಿಲ್ಲುತ್ತದೆ. ಆಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ. ರ್‍ಯಾಮ್ 7.6 ಜಿಬಿ ತುಂಬಿರುತ್ತದೆ.

ಕೌಂಟರ್ ಸ್ಟ್ರೈಕ್ 2ರಲ್ಲಿ ಆರಂಭದಲ್ಲಿ ಪರವಾಗಿಲ್ಲ. ಹತ್ತು ನಿಮಿಷ ಆದ ಮೇಲೆ ಹೊಗೆ, ಗುಂಡಿನ ಚಕಮಕಿ ಬಂದಾಗ ಕುಸಿಯುತ್ತದೆ. ಕಾರ್ಡ್ 65ಕ್ಕೆ ಇಳಿದಿರುತ್ತದೆ, ನಾಲ್ಕೂ ಕೋರ್ 100. ಪ್ರೊಸೆಸರ್ ಬಿಸಿ 99, ಒಮ್ಮೊಮ್ಮೆ 100 ಡಿಗ್ರಿ. ವೇಗ 2.3 ಗಿಗಾಹರ್ಟ್ಜ್ ಅಂತ ತೋರಿಸುತ್ತದೆ. ಇದು 3.2 ಅಲ್ವಾ?

ರೆಡ್ ಡೆಡ್‌ನಲ್ಲಿ ಮಾತ್ರ ಕಾರ್ಡ್ ಸದಾ 99, ಅದರ 2 ಜಿಬಿ ಪೂರ್ತಿ ಭರ್ತಿ. ಎಲ್ಲ ಕಡಿಮೆಗೆ ಇಟ್ಟರೂ 20ರ ಆಸುಪಾಸು.

ಫ್ರೇಮ್‌ಲೆಕ್ಕ

ಇದಕ್ಕೇ ಅಳೆಯಿರಿ ಅಂದದ್ದು. ಮೂರು ಆಟಕ್ಕೆ ಮೂರು ಕಾರಣ ಸಿಕ್ಕಿವೆ. ಕಾರ್ಡ್ ಬದಲಿಸಿದ್ದರೆ ಒಂದೇ ಸರಿಹೋಗುತ್ತಿತ್ತು.

ಕೌಂಟರ್ ಸ್ಟ್ರೈಕ್‌ನ ಸಮಸ್ಯೆ ಬಿಸಿ. ಈ ಪ್ರೊಸೆಸರ್ 100 ಡಿಗ್ರಿ ಮುಟ್ಟುವಾಗ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಸಿಗುತ್ತಿರುವುದು ಮುಕ್ಕಾಲು ಪಾಲು ಪ್ರೊಸೆಸರ್ ಅಷ್ಟೇ. ಅದಕ್ಕೆ ಬೇಕಾದದ್ದು ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್‌ನ ಒಂದು ಸಣ್ಣ ಟ್ಯೂಬ್.

ಬೆಸುಗೆಕಡ್ಡಿ

ಪೇಸ್ಟ್ ಹಾಕುವ ಮುಂಚೆ ಕೂಲರ್‌ನ ನಾಲ್ಕೂ ಕಾಲು ನೋಡಿ. ಇಂಟೆಲ್ ಪೆಟ್ಟಿಗೆಯಲ್ಲಿ ಬರುವ ಕೂಲರ್‌ಗೆ ಸ್ಕ್ರೂ ಇಲ್ಲ, ಒತ್ತಿ ಕೂರಿಸುವ ಪ್ಲಾಸ್ಟಿಕ್ ಪಿನ್ ಇವೆ. ವರ್ಷಗಳಾದ ಮೇಲೆ ಒಂದು ಪಿನ್ ಕಳಚಿಕೊಂಡು ಕೂಲರ್ ಒಂದು ಕಡೆ ಎದ್ದಿರುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಕೂಲರ್ ತೆಗೆಯುವ ಮುಂಚೆ ಕಂಪ್ಯೂಟರ್ ಐದು ನಿಮಿಷ ಓಡಿಸಿ, ಆಮೇಲೆ ವೈರ್ ಕಿತ್ತು ಬಿಚ್ಚಿ. ಪೇಸ್ಟ್ ಬೆಚ್ಚಗಿದ್ದರೆ ಸುಲಭವಾಗಿ ಬಿಡುತ್ತದೆ. ಒಣಗಿದ ಪೇಸ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಬಟಾಣಿ ಕಾಳಿಗಿಂತ ಸ್ವಲ್ಪ ಸಣ್ಣದಾಗಿ ಹೊಸ ಪೇಸ್ಟ್ ಮಧ್ಯಕ್ಕೆ ಹಾಕಿದರೆ ಸಾಕು, ಹರಡುವ ಕೆಲಸ ಕೂಲರ್ ಮಾಡುತ್ತದೆ. ಫ್ಯಾನ್‌ನ ದೂಳು ತೆಗೆಯುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ.

ಹಳೇಪೆಟ್ಟಿಗೆ

ಒಂದು ಪಿನ್ ನಿಜವಾಗಿಯೂ ಎದ್ದಿತ್ತು! ಕೆಳಗಡೆ ಪೇಸ್ಟ್ ಸುಣ್ಣದ ಹಾಗೆ ಒಣಗಿತ್ತು. ಒರೆಸಿ, ಹೊಸದು ಹಾಕಿ ಕೂರಿಸಿದೆ. ಅದೇ ಆಟ, ಅದೇ ನಕ್ಷೆ, ಅರ್ಧ ಗಂಟೆ ಆದ ಮೇಲೂ 71 ಡಿಗ್ರಿ. ವೇಗ 3.2ರ ಮೇಲೇ ನಿಂತಿದೆ. ಹೊಗೆ ಬಂದಾಗ ಸ್ವಲ್ಪ ಇಳಿಯುತ್ತದೆ, ಆದರೆ ಮೊದಲಿನ ಹಾಗೆ ನಿಲ್ಲುವುದಿಲ್ಲ. ಇಷ್ಟು ದಿನ ಕಾರ್ಡ್ ಅನ್ನೇ ಬೈಯುತ್ತಿದ್ದೆವು.

ಇನ್ನು ರ್‍ಯಾಮ್, ಡಿಸ್ಕ್ ಬಗ್ಗೆ ಹೇಳಿ.

ಅಟ್ಟದಮೇಲೆ

ಎಸ್‌ಎಸ್‌ಡಿ ಮೊದಲು, ಯೋಚನೆ ಬೇಡ. 500 ಜಿಬಿ ಸಾಟಾ ಸಾಕು. ಬೋರ್ಡ್ ಮೇಲೇ ಕೂರುವ ಎಂ.2 ಎನ್‌ವಿಎಂಇ ಕಡೆ ಹೋಗಬೇಡಿ. ಎಚ್81 ಬೋರ್ಡ್‌ಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಕಾರ್ಡ್ ಅಡಾಪ್ಟರ್ ಹಾಕಿದರೂ ಅದರಿಂದ ವಿಂಡೋಸ್ ಶುರುವಾಗುವುದು ಕಷ್ಟ. ಸಾಟಾ 3ರ ವೇಗ ಸೆಕೆಂಡಿಗೆ 550 ಎಂಬಿ ಆಸುಪಾಸು. ನಿಮ್ಮ ಹಾರ್ಡ್ ಡಿಸ್ಕ್ ಸಾಲಾಗಿ ಓದುವಾಗ 150 ಮುಟ್ಟಬಹುದು. ಆದರೆ ಆಟ ಸಾಲಾಗಿ ಓದುವುದಿಲ್ಲ. ಇಲ್ಲೊಂದು ಚೂರು, ಅಲ್ಲೊಂದು ಚೂರು ಕೇಳುತ್ತದೆ. ಪ್ರತಿ ಸಲ ಡಿಸ್ಕ್‌ನ ಸೂಜಿ ಜಾಗ ಬದಲಿಸಬೇಕು. ಜಿಟಿಎಯಲ್ಲಿ ನೀವು ಜೋರಾಗಿ ಓಡಿಸುವಾಗ ರಸ್ತೆ, ಕಟ್ಟಡ ತರಲು ಅದು ಒದ್ದಾಡುವುದು ಅದಕ್ಕೇ.

ಎಸ್‌ಎಸ್‌ಡಿ ವೈರ್ ಅನ್ನು ಸಾಟಾ 3 ಇರುವ ಪೋರ್ಟ್‌ಗೇ ಹಾಕಿ. ಎಚ್81ನಲ್ಲಿ ಅಂಥವು ಎರಡು, ಉಳಿದ ಎರಡು ಹಳೇ ಸಾಟಾ 2. ಹಾರ್ಡ್ ಡಿಸ್ಕ್ ಬಿಸಾಡಬೇಡಿ. ಫೋಟೊ, ಸಿನಿಮಾ, ಈಗ ಆಡದ ಆಟ ಎಲ್ಲ ಅದರಲ್ಲಿರಲಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಅದರ ಆರೋಗ್ಯ ನೋಡಿ.

ರ್‍ಯಾಮ್ ಇನ್ನೊಂದು 8 ಜಿಬಿ ಸೆಕೆಂಡ್ ಹ್ಯಾಂಡ್. ನಿಮ್ಮ ಬೋರ್ಡ್‌ನಲ್ಲಿ ಇರುವುದೇ ಎರಡು ಸ್ಲಾಟ್, ಒಟ್ಟು 16 ಜಿಬಿ. ಅಲ್ಲಿಗೆ ಮುಗಿಯಿತು. ಎರಡು ಸ್ಟಿಕ್ ಇದ್ದರೆ ಜಾಗ ಅಷ್ಟೇ ಅಲ್ಲ, ದಾರಿಯೂ ಎರಡಾಗುತ್ತದೆ. ಡಿಡಿಆರ್3-1600 ಒಂದೇ ಇದ್ದಾಗ ಸೆಕೆಂಡಿಗೆ 12.8 ಜಿಬಿ, ಎರಡಿದ್ದಾಗ 25.6. ಪ್ರೊಸೆಸರ್ ಮೇಲೆ ಹೊರೆ ಇರುವ ಆಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ.

ಬೆಸುಗೆಕಡ್ಡಿ

ಅದಕ್ಕೊಂದು ಎಚ್ಚರಿಕೆ. ತೀರಾ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಸ್ಟಿಕ್‌ಗಳಲ್ಲಿ ಎಎಂಡಿ ಕಂಪನಿಯ ಪ್ರೊಸೆಸರ್‌ಗೆ ಮಾತ್ರ ಅಂತ ಬರೆದಿರುವ ಥರ ಒಂದಿದೆ. ಅವುಗಳ ಚಿಪ್ ಜೋಡಣೆಯೇ ಬೇರೆ. ಇಂಟೆಲ್ ಬೋರ್ಡ್‌ಗೆ ಹಾಕಿದರೆ ಆನ್ ಆಗುವುದಿಲ್ಲ. ಎಷ್ಟೋ ಜನ ಬೋರ್ಡೇ ಹೋಯಿತು ಅಂದುಕೊಂಡು ಬಂದಿದ್ದಾರೆ. ಹಳೇ ಆಫೀಸ್ ಕಂಪ್ಯೂಟರ್‌ನಿಂದ ಬಿಚ್ಚಿದ ಸ್ಟಿಕ್ ಸಿಕ್ಕಿದರೆ ಒಳ್ಳೆಯದು. ಹಾಕಿದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ವಾಪಸ್ ಕೊಡಿ.

ಮಡಿಲಪೆಟ್ಟಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಲ್ಯಾಪ್‌ಟಾಪ್. ಇದೆಲ್ಲ ನನಗೂ ಆಗುತ್ತದೆಯೇ?

ಅಟ್ಟದಮೇಲೆ

ಎಸ್‌ಎಸ್‌ಡಿ, ಎರಡನೇ ರ್‍ಯಾಮ್ ಸ್ಟಿಕ್, ದೂಳು ತೆಗೆದು ಹೊಸ ಪೇಸ್ಟ್. ಬಹುತೇಕ ಲ್ಯಾಪ್‌ಟಾಪ್‌ನಲ್ಲಿ ಅಷ್ಟೇ. ಕಾರ್ಡ್ ಬದಲಿಸಲು ಬರುವುದಿಲ್ಲ. ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುತ್ತಿದ್ದರೆ ಎರಡನೇ ಸ್ಟಿಕ್ ತಪ್ಪಿಸಬೇಡಿ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಅಲ್ಲಿ ಎರಡು ದಾರಿ ಸಿಕ್ಕಿದರೆ ವ್ಯತ್ಯಾಸ ದೊಡ್ಡದು.

ರಾತ್ರಿಪಾಳಿ

ಸರಿ, ಈ ಬೋರ್ಡ್ ಉಳಿಸಿಕೊಳ್ಳುವುದು ಅಂತಾದರೆ ಕಾರ್ಡ್ ಬಗ್ಗೆ ನನ್ನ ಮಾತು. ಎಸ್‌ಎಂಪಿಎಸ್ ಬದಲಿಸದೆ ಹೋಗುವುದಾದರೆ ಜಿಟಿಎಕ್ಸ್ 1650. 75 ವ್ಯಾಟ್, 4 ಜಿಬಿ. ಕೆಲವು ಮಾದರಿಗೆ 6 ಪಿನ್ ಬೇಕು, ಕೊಳ್ಳುವಾಗ ಚಿತ್ರದಲ್ಲಿ ಅದನ್ನು ನೋಡಿ.

ಆರ್‌ಎಕ್ಸ್ 6400 ಕಡೆ ಮಾತ್ರ ಹೋಗಬೇಡಿ. 53 ವ್ಯಾಟ್ ಅಷ್ಟೇ, ಹೊಸದು, ನೋಡಲು ಚೆನ್ನಾಗಿದೆ. ಆದರೆ ಅದು ಬೋರ್ಡ್ ಜೊತೆ ಮಾತಾಡುವುದು ನಾಲ್ಕೇ ದಾರಿಯಲ್ಲಿ, ಅಂದರೆ ಲೇನ್‌ನಲ್ಲಿ. ಹೊಸ ಪಿಸಿಐ ಎಕ್ಸ್‌ಪ್ರೆಸ್ 4.0 ಸ್ಲಾಟ್ ಇರುವ ಬೋರ್ಡ್‌ನಲ್ಲಿ ಅದು ಸಾಕಾಗುತ್ತದೆ. ನಿಮ್ಮ ಎಚ್81 ಪಿಸಿಐ ಎಕ್ಸ್‌ಪ್ರೆಸ್ 2.0. ಅಲ್ಲಿ ನಾಲ್ಕು ಲೇನ್ ಅಂದರೆ ಸೆಕೆಂಡಿಗೆ 2 ಜಿಬಿ. 16 ಲೇನ್‌ನ ಕಾರ್ಡ್‌ಗೆ ಅದೇ ಸ್ಲಾಟ್‌ನಲ್ಲಿ 8 ಜಿಬಿ ಸಿಗುತ್ತದೆ. 4 ಜಿಬಿ ಮೆಮೊರಿ ತುಂಬಿದ ಕೂಡಲೇ 6400 ಒದ್ದಾಡುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಕಥೆಯೂ ಇದೇ.

ಜಿಟಿ 1030ದಲ್ಲಿಯೂ ಒಂದು ಗುಂಡಿ ಇದೆ. ಒಂದೇ ಹೆಸರಿನಲ್ಲಿ ಎರಡು ಕಾರ್ಡ್. ಜಿಡಿಡಿಆರ್5 ಇರುವುದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದ್ದು 17ಕ್ಕಿಂತ ಕಡಿಮೆ. ನಿಮ್ಮ 750 ಟಿಐಗಿಂತ ಎರಡೂ ಕೆಳಗೇ.

ಫ್ರೇಮ್‌ಲೆಕ್ಕ

ಡ್ರೈವರ್ (ಕಾರ್ಡ್ ಓಡಿಸುವ ತಂತ್ರಾಂಶ) ವಿಷಯವನ್ನೂ ಸೇರಿಸುತ್ತೇನೆ. ಜಿಟಿಎಕ್ಸ್ 750 ಟಿಐ, 1050 ಟಿಐ, 1060 ಇವಕ್ಕೆಲ್ಲ ಹೊಸ ಆಟಗಳಿಗೆ ಸಿದ್ಧಪಡಿಸಿದ ಎನ್‌ವಿಡಿಯಾ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು. ಇನ್ನು 2028ರವರೆಗೆ ಭದ್ರತೆಯ ತಿದ್ದುಪಡಿ ಮಾತ್ರ. 1650 ಅದರ ಮುಂದಿನ ಪೀಳಿಗೆ, ಅದಕ್ಕೆ ಬೆಂಬಲ ಉಳಿದಿದೆ. ಆರ್‌ಎಕ್ಸ್ 580ಗೂ 2023ರ ಕೊನೆಯಿಂದ ಎಎಂಡಿ ಹೊಸದೇನೂ ಸೇರಿಸುತ್ತಿಲ್ಲ, ಮುಖ್ಯವಾದ ತಿದ್ದುಪಡಿ ಅಷ್ಟೇ.

ಆದರೆ ನೀವು ಹೇಳಿದ ಮೂರೂ ಆಟ ಹಳೇ ಡ್ರೈವರ್‌ನಲ್ಲೇ ಚೆನ್ನಾಗಿ ಓಡುತ್ತವೆ. ರೇ ಟ್ರೇಸಿಂಗ್ (ಬೆಳಕಿನ ದಾರಿ ಲೆಕ್ಕಹಾಕುವುದು) ಇಲ್ಲದೆ ಶುರುವೇ ಆಗದ ಹೊಸ ಆಟಗಳಿವೆ, ಉದಾಹರಣೆಗೆ 2025ರ ಡೂಮ್. ಅವು 1650ರಲ್ಲೂ ಇಲ್ಲ, 580ರಲ್ಲೂ ಇಲ್ಲ. ಆ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ರೆಡ್ ಡೆಡ್‌ಗೆ ನನ್ನ ಮತ 580ಗೆ, 8 ಜಿಬಿ ಮೆಮೊರಿ ಇರುವುದರಿಂದ. ಎಸ್‌ಎಂಪಿಎಸ್ ಹೊಸದಾಗಿ ಕೊಂಡರೆ ಮಾತ್ರ.

ಹಳೇಪೆಟ್ಟಿಗೆ

ಅಟ್ಟದಮೇಲೆ ಅವರು ಹೇಳಿದ ಮಾತು ಮನಸ್ಸಿನಲ್ಲಿ ಕೂತಿದೆ. ಎಸ್‌ಎಂಪಿಎಸ್ ಮುಂದಿನ ಪೆಟ್ಟಿಗೆಗೂ ಬರುತ್ತದೆ. ಅದಕ್ಕೆ ಅದನ್ನು ಹೊಸದಾಗಿ, ಗ್ಯಾರಂಟಿ ಇರುವುದನ್ನೇ ಕೊಳ್ಳುತ್ತೇನೆ. 80 ಪ್ಲಸ್ ಬ್ರಾಂಜ್, 500 ವ್ಯಾಟ್ ಸಾಕಲ್ವಾ? ಎಸ್‌ಎಸ್‌ಡಿ ಹೊಸದು. ರ್‍ಯಾಮ್, 580 ಸೆಕೆಂಡ್ ಹ್ಯಾಂಡ್. ಲೆಕ್ಕ ಹಾಕಿದೆ, ಸರಿಯಾಗಿ ಹೊಂದುತ್ತದೆ. ಪ್ರೊಸೆಸರ್‌ಗೆ ಏನೂ ಉಳಿಯುವುದಿಲ್ಲ.

ಬೆಸುಗೆಕಡ್ಡಿ

500 ಧಾರಾಳ ಸಾಕು. 80 ಪ್ಲಸ್ ಅನ್ನುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಅನ್ನುವುದರ ಗುರುತು, ಗಟ್ಟಿತನದ್ದಲ್ಲ. ಆದ್ದರಿಂದ ಲೇಬಲ್‌ನ ಆ ಕೋಷ್ಟಕ ಇಲ್ಲೂ ಓದಿ. 12 ವೋಲ್ಟ್ ಸಾಲು ಒಂದೇ 450 ವ್ಯಾಟ್ ಮೇಲೆ ಕೊಡುವಂತಿರಬೇಕು. ಇನ್ನೊಂದು ವಿಷಯ: ದೊಡ್ಡ ಕಂಪನಿಗಳ ಆಫೀಸ್ ಪೆಟ್ಟಿಗೆಗಳಲ್ಲಿ ಬೋರ್ಡ್‌ಗೆ ಹೋಗುವ ವೈರ್ ಕೆಲವೊಮ್ಮೆ ಅವರದೇ ಅಳತೆಯದ್ದು ಇರುತ್ತದೆ. ನಿಮ್ಮದರಲ್ಲಿ ಮಾಮೂಲಿ 24 ಪಿನ್ ಇದೆಯಾ ನೋಡಿ.

580 ನೋಡಲು ಹೋದಾಗ ಅವಸರ ಮಾಡಬೇಡಿ. ಕಾರ್ಡ್ ಅನ್ನು ಕಂಪ್ಯೂಟರ್‌ಗೆ ಹಾಕಿ ಓಡಿಸಿ ತೋರಿಸಲಿ, 20 ನಿಮಿಷವಾದರೂ. ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಜೆಡ್ ತೆರೆದು ಶೇಡರ್ (ಒಳಗಿನ ಲೆಕ್ಕದ ಘಟಕಗಳು) ಎಷ್ಟು ಅಂತ ನೋಡಿ. 2304 ಇದ್ದರೆ ನಿಜವಾದ 580. 2048 ಇದ್ದರೆ ಅದು 580 ಅನ್ನುವ ಹೆಸರಿನಲ್ಲಿರುವ 570ರ ತಾಕತ್ತಿನ ಕಾರ್ಡ್, ಬೆಲೆಯೂ ಹಾಗೇ ಇರಬೇಕು. ಫ್ಯಾನ್‌ಗಳು ಸದ್ದಿಲ್ಲದೆ ತಿರುಗುತ್ತಿವೆಯಾ, ಪರದೆಯ ಮೇಲೆ ಬಣ್ಣದ ಚುಕ್ಕೆ ಬರುತ್ತಿದೆಯಾ, ಎಲ್ಲ ಪೋರ್ಟ್ ಚಿತ್ರ ಕೊಡುತ್ತಿವೆಯಾ ನೋಡಿ. ಈ ಕಾರ್ಡ್‌ಗಳಲ್ಲಿ ಬಹಳಷ್ಟು ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದು ಬಂದಿವೆ. ಅದೊಂದೇ ಕಾರಣಕ್ಕೆ ಬೇಡ ಅನ್ನಬೇಕಿಲ್ಲ, ಆದರೆ ಪರೀಕ್ಷೆ ಬಿಡಬೇಡಿ. ಕ್ಯಾಬಿನೆಟ್‌ನಲ್ಲಿ ಜಾಗ ಎಷ್ಟಿದೆ ಅಂತ ಟೇಪ್ ಹಿಡಿದು ಅಳೆದುಕೊಂಡೇ ಹೋಗಿ.

ಹಳೇಪೆಟ್ಟಿಗೆ

(ಹನ್ನೊಂದು ದಿನದ ನಂತರ)

ಎಲ್ಲ ಬಂದಿವೆ. 24 ಪಿನ್ ಮಾಮೂಲಿಯೇ. ಕಾರ್ಡ್ 2304, ಎದುರಿಗೇ ಓಡಿಸಿ ನೋಡಿದೆ, ಚೆನ್ನಾಗಿತ್ತು. ಆದರೆ ಮನೆಗೆ ತಂದು ಹಾಕಿದ ಮೇಲೆ ರೆಡ್ ಡೆಡ್ ಶುರುಮಾಡಿ ಅರ್ಧ ಗಂಟೆಗೆ ಪರದೆ ಪೂರ್ತಿ ಕಪ್ಪು. ಫ್ಯಾನ್ ಜೋರಾಗಿ ತಿರುಗುತ್ತದೆ, ಬೇರೇನೂ ಇಲ್ಲ. ಮೂರು ಸಲ ಹೀಗಾಯಿತು. ತಮ್ಮ ಏನೂ ಹೇಳದೆ ಎದ್ದುಹೋದ. ತುಂಬಾ ಬೇಸರವಾಗಿದೆ.

ಫ್ರೇಮ್‌ಲೆಕ್ಕ

ಹಳೇ ಎನ್‌ವಿಡಿಯಾ ಡ್ರೈವರ್ ತೆಗೆದಿದ್ದೀರಾ? ಡಿಡಿಯು ಅನ್ನುವ ಉಚಿತ ಸಲಕರಣೆ ಇದೆ. ಸೇಫ್ ಮೋಡ್‌ನಲ್ಲಿ ಓಡಿಸಿ, ಪೂರ್ತಿ ಗುಡಿಸಿ, ಆಮೇಲೆ ಎಎಂಡಿ ಡ್ರೈವರ್ ಹಾಕಿ.

ಬೆಸುಗೆಕಡ್ಡಿ

ಅದರ ಜೊತೆ ಕಾರ್ಡ್‌ನ ಮೇಲಂಚಿನಲ್ಲಿ ಒಂದು ಪುಟ್ಟ ಸ್ವಿಚ್ ಇದೆಯಾ ನೋಡಿ. ಈ ಪೀಳಿಗೆಯ ಹಲವು ಕಾರ್ಡ್‌ಗಳಲ್ಲಿ ಎರಡು ಬಯೋಸ್ (ಕಾರ್ಡ್ ಶುರುವಾಗುವಾಗ ಓದುವ ಸೂಚನೆ) ಇರುತ್ತವೆ. ಮೈನಿಂಗ್ ಮಾಡಿದವರು ಒಂದರಲ್ಲಿ ಮೆಮೊರಿ ವೇಗ ತಿದ್ದಿ ಬರೆದಿರುತ್ತಾರೆ. ಆ ಬಯೋಸ್‌ನಲ್ಲಿ ಆಟ ಸ್ಥಿರವಾಗಿ ಓಡುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ, ವೈರ್ ಕಿತ್ತು, ಸ್ವಿಚ್ ಆ ಕಡೆಗೆ ತಳ್ಳಿ ನೋಡಿ.

ಹಳೇಪೆಟ್ಟಿಗೆ

ಸ್ವಿಚ್ ಇತ್ತು! ಡ್ರೈವರ್ ಮೊದಲು ಗುಡಿಸಿದೆ, ಆಗಲೂ ಕಪ್ಪಾಯಿತು. ಸ್ವಿಚ್ ತಳ್ಳಿದ ಮೇಲೆ ನಿನ್ನೆ ಸಂಜೆಯಿಂದ ಆರು ಗಂಟೆ ಆಡಿದ್ದೇವೆ, ಒಂದು ಸಲವೂ ಆಗಿಲ್ಲ.

ರೆಡ್ ಡೆಡ್ ಮಧ್ಯಮ ಸೆಟ್ಟಿಂಗ್‌ನಲ್ಲಿ 1080ಪಿ, ಕಾಡಿನಲ್ಲಿ 55 ಆಸುಪಾಸು. ದೊಡ್ಡ ಊರಿನ ಒಳಗೆ 40ಕ್ಕೆ ಇಳಿಯುತ್ತದೆ, ಆಗ ಕಾರ್ಡ್ 75, ಪ್ರೊಸೆಸರ್ 100. ಅಂದರೆ ಅಲ್ಲಿ ಈಗ ಪ್ರೊಸೆಸರ್ ತಡೆಯುತ್ತಿದೆ, ಅಲ್ವಾ? ಜಿಟಿಎ 5 ಒಂದು ಸಲವೂ ನಿಲ್ಲಲಿಲ್ಲ. ಮೊದಲು ಅದು ತೆರೆದುಕೊಳ್ಳುವಷ್ಟರಲ್ಲಿ ಎದ್ದುಹೋಗಿ ನೀರು ಕುಡಿದು ಬರುತ್ತಿದ್ದೆವು.

ಫ್ರೇಮ್‌ಲೆಕ್ಕ

ಸರಿಯಾಗಿ ಓದಿದ್ದೀರಿ. ಊರಿನಲ್ಲಿ ರೆಸಲ್ಯೂಶನ್ ಇಳಿಸಿದರೆ ಪ್ರಯೋಜನ ಇಲ್ಲ, ಕಾರ್ಡ್ ಈಗಾಗಲೇ ಕಾಯುತ್ತಿದೆ. ಜನಸಂದಣಿ, ದೂರದ ವಿವರ ಇಂಥ ಆಯ್ಕೆ ಇರುವ ಆಟಗಳಲ್ಲಿ ಅವನ್ನು ಇಳಿಸಿ, ಪ್ರೊಸೆಸರ್‌ಗೆ ಉಸಿರು ಸಿಗುತ್ತದೆ. ಕಾಡಿನಲ್ಲಿ ಮಾತ್ರ ಕಾರ್ಡ್ ಹೊರೆ. ಅಲ್ಲಿ ಹೆಚ್ಚು ಬೇಕಿದ್ದರೆ ಮೊದಲು ನೆರಳು, ಮಂಜು, ನೀರಿನ ಗುಣಮಟ್ಟ ಇಳಿಸಿ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಇಳಿಸಬೇಡಿ. 8 ಜಿಬಿ ಇದೆ, ಟೆಕ್ಸ್ಚರ್ ಮೇಲಿಟ್ಟರೂ ವೇಗ ಅಷ್ಟೇನೂ ತಿನ್ನುವುದಿಲ್ಲ, ನೋಟ ಮಾತ್ರ ಎಷ್ಟೋ ಚೆನ್ನಾಗಿರುತ್ತದೆ.

ಆ ಆಟಕ್ಕೆ 2022ರಲ್ಲಿ ಎಫ್‌ಎಸ್‌ಆರ್ 2 ಬಂದಿದೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಮಾಡಿ ದೊಡ್ಡದು ಮಾಡುವ ವಿಧಾನ. ಹಳೇ ಕಾರ್ಡ್‌ನಲ್ಲೂ ನಡೆಯುತ್ತದೆ. ಅದಿಲ್ಲದ ಆಟದಲ್ಲಿ 1600×900 ಇಟ್ಟು ನೋಡಿ. 1080ಪಿಯಲ್ಲಿ 20 ಲಕ್ಷಕ್ಕೂ ಜಾಸ್ತಿ ಚುಕ್ಕೆ, ಇದರಲ್ಲಿ 14 ಲಕ್ಷ 40 ಸಾವಿರ. ಕಾರ್ಡ್‌ಗೆ ಸುಮಾರು 30 ಶೇಕಡಾ ಕೆಲಸ ಕಡಿಮೆ.

ಇನ್ನೂ ಒಂದು, ಇದು ನನ್ನ ಇಷ್ಟದ ಸಲಹೆ. ರಿವಾಟ್ಯೂನರ್‌ನಲ್ಲಿ ಫ್ರೇಮ್‌ಗೆ ಮಿತಿ ಹಾಕಿ. 40ರಿಂದ 60ರ ನಡುವೆ ಓಲಾಡುವುದಕ್ಕಿಂತ, ಭಾರವಾದ ಆಟವನ್ನು 30ಕ್ಕೆ ಕಟ್ಟಿದರೆ ಪ್ರತಿ ಫ್ರೇಮ್ ಸರಿಯಾಗಿ 33.3 ಮಿಲಿಸೆಕೆಂಡ್‌ಗೆ ಬರುತ್ತದೆ. 60 ಹರ್ಟ್ಜ್ ಮಾನಿಟರ್‌ಗೆ ಅದು ಸಮನಾಗಿ ಹೊಂದುತ್ತದೆ. ಕೌಂಟರ್ ಸ್ಟ್ರೈಕ್‌ಗೆ ಇದು ಬೇಡ. ನಿಧಾನವಾಗಿ ಕುದುರೆ ಮೇಲೆ ಹೋಗುವ ಆಟಕ್ಕೆ ಒಮ್ಮೆ ಪ್ರಯತ್ನಿಸಿ.

ರಾತ್ರಿಪಾಳಿ

ನೋಡಿ ಸಂತೋಷವಾಯಿತು. ನಾನು ಬೇಡ ಅಂದಿದ್ದೆ, ಆದರೆ ನೀವು ಖರ್ಚು ಮಾಡಿದ್ದರಲ್ಲಿ ಈ ಬೋರ್ಡ್‌ಗೇ ಸೀಮಿತವಾದದ್ದು ರ್‍ಯಾಮ್ ಸ್ಟಿಕ್ ಒಂದೇ. ಮುಂದೆ ಐ7-4770 ಅಗ್ಗಕ್ಕೆ ಸಿಕ್ಕಿದರೆ ಎಂಟು ಥ್ರೆಡ್ ಆಗುತ್ತದೆ, ಊರಿನ ಕುಸಿತ ಕಡಿಮೆಯಾಗುತ್ತದೆ. ಜಿಯಾನ್ ಇ3-1230 ವಿ3 ಕೂಡ ಅದೇ ಸಾಕೆಟ್, ಎಂಟು ಥ್ರೆಡ್, ಒಳಗಿನ ಗ್ರಾಫಿಕ್ಸ್ ಇಲ್ಲ ಅಷ್ಟೇ. 4790 ಅಥವಾ ಇ3-1231 ವಿ3 ಆದರೆ ಮೊದಲು ಬೋರ್ಡ್ ಬಯೋಸ್ ಹೊಸದು ಮಾಡಿಕೊಳ್ಳಿ. ಹಳೇ ಬಯೋಸ್ ಅವನ್ನು ಗುರುತಿಸದೇ ಇರಬಹುದು.

ವಿಂಡೋಸ್ 10ರಲ್ಲೇ ಇರುವುದಾದರೆ ಮನೆ ಬಳಕೆಯವರಿಗೆ ಇರುವ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಸೇರಿಸಿಕೊಳ್ಳಿ. ಅದನ್ನು ಶುರುಮಾಡಿದಾಗ ಹೇಳಿದ ಕೊನೆ ದಿನ 2026ರ ಅಕ್ಟೋಬರ್ 13. ಆಮೇಲೆ ಲಿನಕ್ಸ್ ಇದೆ. ಸ್ಟೀಮ್‌ನ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು) 2018ರಿಂದ ಬೆಳೆದು ಬಂದಿದೆ, ರೆಡ್ ಡೆಡ್ ಕಥೆ ಅದರಲ್ಲಿ ಆಡಬಹುದು. ಕೌಂಟರ್ ಸ್ಟ್ರೈಕ್ ನೇರವಾಗಿಯೇ ಇದೆ. ಜಿಟಿಎಯ ಕಥೆ ಓಡುತ್ತದೆ, ಆನ್‌ಲೈನ್ ಮಾತ್ರ 2024ರಲ್ಲಿ ಮೋಸ ತಡೆಯುವ ತಂತ್ರಾಂಶ ಬಂದ ಮೇಲೆ ಲಿನಕ್ಸ್‌ನಲ್ಲಿ ಆಗುತ್ತಿಲ್ಲ.

ಹೊಸಬ್ಬ

ಇದನ್ನೆಲ್ಲ ಓದಿ ನಾನೂ ಅಂಕಿ ಹಾಕಿ ನೋಡಿದೆ. ನನ್ನದು ಐ5-3470, ಆಟ ಶುರುವಾದ ಐದೇ ನಿಮಿಷಕ್ಕೆ 97 ಡಿಗ್ರಿ. ಕೂಲರ್ ಬಿಚ್ಚಿ ಪೇಸ್ಟ್ ಹಾಕಿದೆ, ಆದರೆ ಪಿನ್‌ಗಳು ಕೂರುತ್ತಲೇ ಇಲ್ಲ. ಒಂದು ಒತ್ತಿದರೆ ಎದುರಿನದು ಮೇಲೆ ಬರುತ್ತದೆ. ಏನು ಮಾಡಲಿ?

ಹಳೇಪೆಟ್ಟಿಗೆ

ನನಗೂ ಮೊದಲ ಸಲ ಹೀಗೇ ಆಯಿತು. ಬೋರ್ಡ್ ಅನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದುಬಿಡಿ, ಹಿಂದಿನ ಭಾಗ ಕಾಣಬೇಕು. ನಾಲ್ಕೂ ಪಿನ್‌ಗಳ ತಲೆಯನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲಕ್ಕೆ ಎಳೆಯಿರಿ, ಆಮೇಲೆ ಅದಕ್ಕೆ ವಿರುದ್ಧವಾಗಿ ತಿರುಗಿಸಿ ಮೊದಲಿನ ಸ್ಥಿತಿಗೆ ತನ್ನಿ. ಕೂಲರ್ ಇಟ್ಟು, ಎದುರುಬದುರು ಮೂಲೆಯ ಎರಡು ಪಿನ್ ಒಟ್ಟಿಗೆ ಒತ್ತಿ. ಟಿಕ್ ಅಂತ ಸದ್ದು ಬರಬೇಕು. ಆಮೇಲೆ ಉಳಿದ ಎರಡು, ಅವೂ ಒಟ್ಟಿಗೆ. ಬೋರ್ಡ್ ಹಿಂದೆ ತಿರುಗಿಸಿ ನೋಡಿ, ನಾಲ್ಕು ತೂತಿನಲ್ಲೂ ಕಪ್ಪು ಕಡ್ಡಿ ಹೊರಗೆ ಬಂದು ಬಿಳಿ ಕಾಲು ಅಗಲವಾಗಿರಬೇಕು. ಬಿಚ್ಚಿದ ಪೇಸ್ಟ್ ಮೇಲೆ ಮತ್ತೆ ಕೂರಿಸಬೇಡಿ, ಒರೆಸಿ ಹೊಸದು ಹಾಕಿ.

ಆದ ಮೇಲೆ ಎಷ್ಟು ಡಿಗ್ರಿ ಬಂತು ಅಂತ ಇಲ್ಲಿ ಹಾಕಿ. ಸರಿಹೋಗದಿದ್ದರೆ ಬೋರ್ಡ್ ಹಿಂಭಾಗದ ಒಂದು ಫೋಟೊ ಕೂಡ ಹಾಕಿ, ನಾನು ನೋಡುತ್ತೇನೆ.